ಕಿವಿಯಲ್ಲಿ ಏನೂ ಇಲ್ಲ, ನೋವು ಮಾತ್ರ ಇದೆ

"ಕಿವಿ ಡಾಕ್ಟ್ರು ಏನೂ ಇಲ್ಲ ಅಂದ್ರು, ಆದ್ರೂ ನೋವು ಹೋಗ್ತಿಲ್ಲ." ಹಲ್ಲಿನ ಡಾಕ್ಟರಾದ ನನ್ನ ಹತ್ತಿರ ಹೀಗೆ ಹೇಳಿಕೊಂಡು ಬರುವವರು ಕಡಿಮೆಯೇನಿಲ್ಲ. ಅವರ ಎರಡೂ ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೆದು ಮುಚ್ಚಿ ಅನ್ನುತ್ತೇನೆ. ಬೆರಳಿನ ಕೆಳಗೆ ಮೂಳೆಯ ಗುಂಡು ತುದಿ ಜಾರುತ್ತದೆ. "ಅಲ್ಲೇ, ಅಲ್ಲೇ ನೋವು!" ಎನ್ನುತ್ತಾರೆ. ಅದೇ ದವಡೆ ಕೀಲು. ಕಿವಿಗೆ ಅಂಟಿಕೊಂಡಂತೆ ಇರುವುದರಿಂದ ಅದರ ನೋವು ಕಿವಿಯದೇ ಅನಿಸುತ್ತದೆ.

ಈ ಕೀಲು ಎರಡು ಕೆಲಸ ಮಾಡುತ್ತದೆ. ಬಾಯಿ ಸ್ವಲ್ಪ ತೆರೆದಾಗ ತಿರುಗುತ್ತದೆ, ಅಗಲವಾಗಿ ತೆರೆದಾಗ ಮುಂದಕ್ಕೆ ಜಾರುತ್ತದೆ. ಮೂಳೆ ಮೂಳೆಗೆ ಉಜ್ಜದಿರಲು ನಡುವೆ ಒಂದು ತೆಳು ಮೆತ್ತೆ ಇದೆ. ಈ ಮೆತ್ತೆ ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ಮೂಳೆ ಅದರ ಮೇಲೆ ಹತ್ತುತ್ತದೆ. ಆಗಲೇ 'ಟಕ್' ಅನ್ನುವುದು. ಹತ್ತಲಾಗದಿದ್ದರೆ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ನೋವಿಲ್ಲದೆ ಸುಮ್ನೆ ಟಕ್ ಅನ್ನುವ ಕೀಲಿಗೆ ಚಿಕಿತ್ಸೆ ಬೇಡ. ಎಷ್ಟೋ ಜನರಿಗೆ ಅದು ವರ್ಷಗಟ್ಟಲೆ ಹಾಗೇ ಇರುತ್ತದೆ.

ನೋವಿದ್ದರೂ ಹೆಚ್ಚಿನವರಲ್ಲಿ ಅದು ಕೀಲಿಗಿಂತ ಸ್ನಾಯುವಿನದು. ಕೆನ್ನೆಯ ಹಿಂಭಾಗ ಮುಟ್ಟಿಕೊಂಡು ಹಲ್ಲು ಕಚ್ಚಿ ನೋಡಿ, ಗಟ್ಟಿಯಾಗಿ ಉಬ್ಬುತ್ತದೆ ಅಲ್ವಾ? ರಾತ್ರಿ ಹಲ್ಲು ಕಡಿಯುವವರಲ್ಲಿ ಈ ಸ್ನಾಯು ನಿದ್ದೆಯಲ್ಲೂ ದುಡಿಯುತ್ತದೆ. ಬೆಳಗ್ಗೆ ಎದ್ದಾಗಲೇ ದವಡೆ ಬಿಗಿ, ಕಣತಲೆಯಲ್ಲಿ ನೋವು. ಹಗಲು ಲ್ಯಾಪ್‌ಟಾಪ್ ಮುಂದೆ ಗೊತ್ತಿಲ್ಲದೆ ಹಲ್ಲು ಕಚ್ಚಿ ಕೂರುವವರೂ ಇದ್ದಾರೆ. ಸುಮ್ಮನಿರುವಾಗ ಮೇಲಿನ ಕೆಳಗಿನ ಹಲ್ಲು ತಾಗಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಇದನ್ನು ನಾನು ಚೀಟಿಯಲ್ಲಿ ಮಾತ್ರೆಗಿಂತ ಮೇಲೆ ಬರೆಯುತ್ತೇನೆ.

ಎರಡು ಮೂರು ವಾರ ಮೆತ್ತಗಿನ ಊಟ ಮಾಡಿ. ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬೇಡ. ಬಿಸಿ ನೀರಿನ ಬಟ್ಟೆಯಿಂದ ಕೆನ್ನೆಗೆ ಶಾಖ ಕೊಡಿ. ಆಕಳಿಸುವಾಗ ಗದ್ದಕ್ಕೆ ಕೈ ಕೊಡಿ. ಹೆಚ್ಚಿನವರಿಗೆ ಇಷ್ಟರಲ್ಲೇ ಹಗುರಾಗುತ್ತದೆ. ಹಲ್ಲು ಕಡಿಯುವವರಿಗೆ ಅಳತೆ ತೆಗೆದು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಕೊಡುತ್ತೇವೆ. ಅದು ಹಲ್ಲು ಸವೆಯದಂತೆ ಕಾಯುತ್ತದೆ. ಕಡಿಯುವ ಅಭ್ಯಾಸವನ್ನೇ ಬಿಡಿಸುತ್ತದೆ ಎಂದು ನಾನು ಮಾತು ಕೊಡುವುದಿಲ್ಲ.

1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ದವಡೆ ಹಲ್ಲು ಬಿದ್ದು, ಕಚ್ಚಿದಾಗ ಮೇಲಿನ ಕೆಳಗಿನ ದವಡೆ ಅತಿ ಹತ್ತಿರ ಬರುವುದರಿಂದಲೇ ಈ ತೊಂದರೆ ಎಂದು ಬರೆದರು. ಆ ನಂಬಿಕೆ ಬಹಳ ಕಾಲ ಉಳಿಯಿತು, ಕಚ್ಚುವುದನ್ನು ಸರಿ ಮಾಡಲೆಂದು ಎಷ್ಟೋ ಒಳ್ಳೆಯ ಹಲ್ಲುಗಳನ್ನು ಸವೆಸಿ ತಗ್ಗಿಸಿದ್ದೂ ಆಯಿತು. ಈಗ ಆ ವಾದ ನಿಲ್ಲುವುದಿಲ್ಲ. ಕೀಲು ನೋವಿಗೆ ಮೊದಲ ಭೇಟಿಯಲ್ಲೇ ಹಲ್ಲು ಸವೆಸಿ ತಗ್ಗಿಸೋಣ, ಆಪರೇಷನ್ ಮಾಡೋಣ ಎಂದರೆ ದಯವಿಟ್ಟು ಇನ್ನೊಬ್ಬ ಡಾಕ್ಟರನ್ನು ಕೇಳಿ. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು, ನಿಂತರೆ ಹೋಗುತ್ತಿದ್ದರೆ ಅದು ಹೃದಯದಿಂದ ಬರುವ ನೋವಿರಬಹುದು, ಹೃದಯ ತೋರಿಸಿಕೊಳ್ಳಿ. ಎದೆ ಬಿಗಿತ, ಬೆವರು ಜೊತೆಗಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಅಡಿಕೆ ಬೆಳೆಯುವ, ಅಡಿಕೆ ತಿನ್ನುವ ನಮ್ಮ ನಾಡಿನವರಿಗೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತವಾ ನೋಡಿ. ಹಿಡಿಸದಿದ್ದರೆ, ಜೊತೆಗೆ ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ತೊಂದರೆ ಕೀಲಿನದಾಗಿರಲಿಕ್ಕಿಲ್ಲ. ಅಡಿಕೆ, ಗುಟ್ಕಾದಿಂದ ಕೆನ್ನೆಯ ಒಳಪದರ ನಾರಿನಂತೆ ಗಟ್ಟಿಯಾಗುತ್ತದೆ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದೆ. ಅಂಥವರು ಶಾಖ ಕೊಡುತ್ತಾ ಕೂರಬೇಡಿ. ಅಡಿಕೆ ಇವತ್ತೇ ಬಿಟ್ಟು, ಇದೇ ವಾರ ಬಾಯಿ ತೋರಿಸಿಕೊಳ್ಳಿ.