ಕಥೆಗಳಿಗೆ ನಂಬರ್ ಕೊಟ್ಟ ಆಂಟಿ ಆರ್ನೆ

19ನೇ ಶತಮಾನದ ಕೊನೆಯ ಹೊತ್ತಿಗೆ ಹೆಲ್ಸಿಂಕಿಯ ಫಿನ್ನಿಶ್ ಸಾಹಿತ್ಯ ಸಂಘದಲ್ಲಿ ಜನಪದ ಕಥೆಗಳ ಸಾವಿರಾರು ಕೈಬರಹದ ಪ್ರತಿಗಳು ಸೇರಿದ್ದವು. ಹೇಳುವವರು ಬೇರೆಯಾದರೆ ಕಥೆಯಲ್ಲಿ ಹೆಸರು ಬೇರೆ, ಊರು ಬೇರೆ, ರಾಜ ಇದ್ದ ಕಡೆ ರೈತ. ಹೀಗಿರುವಾಗ ಇವೆರಡೂ ಒಂದೇ ಕಥೆ ಅಂತ ಗುರುತಿಸೋದು ಹೇಗೆ?

ಈ ಕೆಲಸಕ್ಕೆ ಕೂತವರು ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಆಂಟಿ ಆರ್ನೆ (1867–1925). ಒಂದು ಕಥೆಯ ಸಿಕ್ಕಷ್ಟೂ ರೂಪಗಳನ್ನು ಹೋಲಿಸಿ, ಅದು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹರಡಿತು ಎಂದು ಹುಡುಕುವುದನ್ನು ಅವರು ಗುರು ಕಾರ್ಲೆ ಕ್ರೋನ್ ಅವರಿಂದ ಕಲಿತಿದ್ದರು. ಹೋಲಿಸಬೇಕಾದರೆ ಮೊದಲು ಪಟ್ಟಿ ಬೇಕಲ್ವಾ? ಫಿನ್ನಿಶ್, ಡ್ಯಾನಿಶ್ ಸಂಗ್ರಹಗಳನ್ನೂ ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಕಥೆಗಳನ್ನೂ ಆಧರಿಸಿ 1910ರಲ್ಲಿ ಆರ್ನೆ ಅದನ್ನು ಪ್ರಕಟಿಸಿದರು. ಅದರಲ್ಲಿ ಒಂದೊಂದು ಬಗೆಯ ಕಥೆಗೂ ಒಂದೊಂದು ನಂಬರ್. 1ರಿಂದ 299 ಪ್ರಾಣಿ ಕಥೆಗಳು. 300ರಿಂದ ಮಾಯದ ಕಥೆಗಳು ಶುರು. 1200ರಿಂದ ಮುಂದಕ್ಕೆ ನಗೆ ಕಥೆಗಳು.

ಅವರು ಗುರುತಿಸಿದ್ದು 540 ಬಗೆ. ಆದರೆ ನಂಬರ್‌ಗಳು 1900 ದಾಟುತ್ತವೆ! ನಡುವೆ ಬೇಕಂತಲೇ ಜಾಗ ಖಾಲಿ ಬಿಟ್ಟಿದ್ದರು. ತಾವು ಕೇಳದ ಕಥೆಗಳು ಇನ್ನೂ ಎಷ್ಟೋ ಇವೆ ಎಂದು ಅವರಿಗೆ ಗೊತ್ತಿತ್ತು. ನನಗೆ ಆರ್ನೆ ದೊಡ್ಡವರಾಗಿ ಕಾಣೋದು ಇಲ್ಲೇ. ಅಮೆರಿಕದ ಸ್ಟಿತ್ ಥಾಂಪ್ಸನ್ 1928ರಲ್ಲಿ, ಮತ್ತೆ 1961ರಲ್ಲಿ ಪಟ್ಟಿಯನ್ನು ಬೆಳೆಸಿದರು. 2004ರಲ್ಲಿ ಜರ್ಮನಿಯ ಹಾನ್ಸ್ ಯೋರ್ಗ್ ಊಥರ್ ಅದನ್ನು ಪೂರ್ತಿ ತಿದ್ದಿದರು.

ಪಟ್ಟಿಗೆ ಟೀಕೆಯೂ ಬಂತು. ಒಂದೇ ಘಟನೆಯನ್ನು ನರಿ ಮಾಡಿದರೆ ಒಂದು ವಿಭಾಗ, ಮನುಷ್ಯ ಮಾಡಿದರೆ ಇನ್ನೊಂದು, ಇದು ಸರಿಯೇ ಎಂದು ರಷ್ಯಾದ ಜಾನಪದ ವಿದ್ವಾಂಸ ವ್ಲಾಡಿಮಿರ್ ಪ್ರಾಪ್ 1928ರಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ಪಟ್ಟಿ ಉಳಿಯಿತು, ಏಕೆಂದರೆ ಅದರಿಂದ ಕೆಲಸ ಆಗುತ್ತದೆ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ‘ಹಂಚಿ’ ಕಥೆಯನ್ನೇ ನೋಡಿ. ಅದರ ನಂಬರ್ 510ಬಿ. ಗ್ರಿಮ್ ಸಂಗ್ರಹದಲ್ಲೂ ಇದೇ ಬಗೆಯ ಕಥೆ ಇದೆ. ಎರಡರಲ್ಲೂ ಹುಡುಗಿಗೆ ಚಿನ್ನದ ಕೂದಲು. ಸ್ವಂತ ಮನೆಯವನೊಬ್ಬನೇ ತನ್ನನ್ನು ಮದುವೆಯಾಗಲು ಹೊರಟಾಗ ಅವಳು ವೇಷ ಮರೆಸಿ ಓಡಿಹೋಗುತ್ತಾಳೆ, ಪರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಹೀಗೆ ಪಕ್ಕಪಕ್ಕ ಇಟ್ಟಾಗಲೇ ವ್ಯತ್ಯಾಸವೂ ಎದ್ದು ಕಾಣುತ್ತದೆ. ಅಲ್ಲಿ ಕಾಡುವವನು ತಂದೆ, ಇಲ್ಲಿ ಅಣ್ಣ. ಅಲ್ಲಿ ತಾಯಿ ಮೊದಲೇ ಸತ್ತಿದ್ದಾಳೆ. ಇಲ್ಲಿ ಮಗಳಿಗೆ ಮಣ್ಣಿನ ಮುಖವಾಡ ತೊಡಿಸಿ ಪಾರು ಮಾಡುವವಳೇ ತಾಯಿ.