ಹಂದಿ ಕಾಟಕ್ಕೆ .315 ರೈಫಲ್ ಒಳ್ಳೆಯದಾ, 12 ಬೋರ್ ಒಳ್ಳೆಯದಾ?

ಪ್ರಶ್ನೆ: ಮುಧೋಳ ತಾಲೂಕಿನಲ್ಲಿ ನಮ್ಮದು ಆರು ಎಕರೆ ಹೊಲ. ಕಬ್ಬು, ಗೋವಿನಜೋಳ ಹಾಕಿದ್ದೇವೆ. ರಾತ್ರಿಯಾದರೆ ಕಾಡುಹಂದಿ ನುಗ್ಗುತ್ತವೆ. ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಮಾಡಿಸಬೇಕೆಂದಿದ್ದೇನೆ. .315 ರೈಫಲ್ ತಗೊಳ್ಳಲಾ, 12 ಬೋರ್ ತಗೊಳ್ಳಲಾ?

ನಿಮ್ಮ ಹೊಲಕ್ಕೆ 12 ಬೋರ್ ಸಾಕು. .315 ಕೆಟ್ಟ ರೈಫಲ್ ಅಂತಲ್ಲ. ಅದರ ಗುಂಡು ಹೋಗುವ ದೂರ ನಮ್ಮ ಬಯಲಿಗೆ ಜಾಸ್ತಿ.

ಎರಡರ ತೋಟಾಗಳನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. .315ರದು ಹಿತ್ತಾಳೆಯ ತೋಟಾ, ನಡುಬೆರಳಿನಷ್ಟು ಉದ್ದ. ತುದಿಯಲ್ಲಿ ಒಂದೇ ಗುಂಡು. 8 ಮಿಲಿಮೀಟರ್ ದಪ್ಪ, ತೂಕ ಸುಮಾರು 16 ಗ್ರಾಂ. ನಳಿಗೆಯ ಒಳಗೆ ತಿರುಪಿನಂಥ ಗೀರುಗಳಿರುವುದರಿಂದ ಗುಂಡು ಗಿರಗಿರ ತಿರುಗುತ್ತಾ ನೇರವಾಗಿ ಹೋಗುತ್ತದೆ. 12 ಬೋರಿನ ನಳಿಗೆ ಒಳಗೆ ನುಣುಪು. ಒಂದು ಪೌಂಡ್ ಸೀಸದಲ್ಲಿ 12 ಸಮ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯೂ ಅಷ್ಟೇ ಅಗಲ, ಅಂದರೆ ಸುಮಾರು 18.5 ಮಿಲಿಮೀಟರ್. ಅದರ ತೋಟಾ ಹೆಬ್ಬೆರಳಿಗಿಂತ ದಪ್ಪ, ಒಳಗೆ ಚರೆ, ಅಂದರೆ ಸಣ್ಣ ಸಣ್ಣ ಗುಂಡು, ತುಂಬಿರುತ್ತದೆ. ಹಂದಿಗೆ ಬಳಸುವುದು ಎಲ್‌ಜಿ, ಎಸ್‌ಜಿ ಎನ್ನುವ ದಪ್ಪ ಚರೆ. ನಮ್ಮ ಕಡೆ ಹೆಚ್ಚು ಕಾಣುವ ಶಕ್ತಿಮಾನ್ ತೋಟಾ ಪುಣೆಯ ಖಡಕಿ ಕಾರ್ಖಾನೆಯದು.

.315 ಹುಟ್ಟಿದ್ದು ಯುರೋಪಿನಲ್ಲಿ, ಆಸ್ಟ್ರಿಯಾದ ಸೇನೆಗಾಗಿ. ಇಲ್ಲಿಗೆ ಬಂದಿದ್ದು ಬ್ರಿಟಿಷರ ಕಾಲದಲ್ಲಿ. ತಮ್ಮ ಸೈನಿಕರ .303 ತೋಟಾ ಜನರ ಕೈಗೆ ಸಿಗಬಾರದು ಎಂಬ ಭಯ ಅವರಿಗಿತ್ತು. ಅದಕ್ಕೇ ಶಿಕಾರಿಯವರು .315ರ ಕಡೆ ಹೊರಳಿದರು. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ನಿಮ್ಮ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲಾರೆವೆಂದು ಸರ್ಕಾರದ ಎದುರು ನಿಂತರು, ಪ್ರಾಣ ಕೊಟ್ಟರು. ಮುಂದೆ ನಮ್ಮ ಸರ್ಕಾರಿ ಕಾರ್ಖಾನೆಗಳೇ .315 ತಯಾರಿಸತೊಡಗಿದವು. ನಮ್ಮ ಹಿರಿಯರ ಮನೆಗಳಲ್ಲಿ ಈ ರೈಫಲ್ ಇರುವುದು ಹೀಗೆ.

ಇದರ ಒಳ್ಳೆಯ ಗುಣ ಹೇಳಲೇಬೇಕು. ಗಟ್ಟಿ ಯಂತ್ರ, ಬೇಗ ಕೆಡುವುದಿಲ್ಲ. ಮ್ಯಾಗಜೀನಿಗೆ ಐದು ತೋಟಾ ಹಿಡಿಯುತ್ತವೆ. ನೂರು ಮೀಟರಿನಲ್ಲಿ ಇಟ್ಟ ಗುರಿಗೆ ಬೀಳುತ್ತದೆ. ಗುಂಡು ಭಾರ ಇರುವುದರಿಂದ ದೊಡ್ಡ ಹಂದಿಯೂ ಏಳುವುದಿಲ್ಲ. ಸಣ್ಣ ಗುಂಡಿನ .22 ರೈಫಲ್ಲಿನಂತೆ ಗಾಯ ಮಾಡಿ ಓಡಿಸುವುದಿಲ್ಲ. ಗಾಯಗೊಂಡ ಹಂದಿ ಕಬ್ಬಿನೊಳಗೆ ಕೂತರೆ ಬೆಳಿಗ್ಗೆ ನೀರು ಹಾಯಿಸಲು ಹೋದವನ ಗತಿ ಏನು, ನಿಮಗೇ ಗೊತ್ತು.

ಕೊರತೆಯೂ ಇದೆ. ಈಗಿನ ಲೆಕ್ಕದಲ್ಲಿ ಗುಂಡಿನ ವೇಗ ಕಡಿಮೆ. ನೂರು ಮೀಟರಿಗೆ ಗುರಿ ಕೂಡಿಸಿದರೆ ಇನ್ನೂರಕ್ಕೆ ಹೋಗುವಷ್ಟರಲ್ಲಿ ಒಂದು ಗೇಣಿಗಿಂತ ಜಾಸ್ತಿ ಕೆಳಗೆ ಬೀಳುತ್ತದೆ. ಅಮೆರಿಕದ .30-06 ರೈಫಲ್ಲಿನ ಗುಂಡು ಅಷ್ಟು ಬೀಳುವುದಿಲ್ಲ. ಆದರೆ ಅದು ಇನ್ನೂ ದೂರ ಹೋಗುವ ಗುಂಡು, ನಿಮ್ಮ ಹೊಲಕ್ಕೆ ಬೇಡವೇ ಬೇಡ.

ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆಯೇ ಮಾತು. ನಮ್ಮ ಕಾಕಾ ಒಬ್ಬರ ಹತ್ತಿರ .315 ಇತ್ತು. ಒಂದು ಸಂಜೆ ಬದುವಿನ ಮೇಲೆ ಡಬ್ಬಿ ಇಟ್ಟು ಗುರಿ ನೋಡಿದರು. ಡಬ್ಬಿ ಅಲುಗಲಿಲ್ಲ. ಗುಂಡು ಬದುವಿನ ಕಲ್ಲಿಗೆ ತಾಗಿ ಕುಂಯ್ ಅಂತ ಹಾರಿತು. ಮರುದಿನ ನೋಡಿದರೆ ಮೂರು ಹೊಲ ಆಚೆ ನೀರಿನ ಪೈಪು ಸೀಳಿತ್ತು. ಆ ಪೈಪಿನಿಂದ ಹತ್ತು ಹೆಜ್ಜೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲುಗಳು. ಹೊರಗೆ ಹಗ್ಗದ ಮೇಲೆ ಕೂಸಿನ ಅಂಗಿ ಒಣಗಲು ಹಾಕಿದ್ದರು. ಕಾಕಾ ಆ ಅಂಗಿ ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಹೊಲದಲ್ಲಿ ರೈಫಲ್ ಮುಟ್ಟಲಿಲ್ಲ.

ಅಡ್ಡ ಏನೂ ಸಿಗದಿದ್ದರೆ .315ರ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ನಮ್ಮಲ್ಲಿ ಗುಡ್ಡ ಕಡಿಮೆ, ತೋಟದ ಮನೆ ಜಾಸ್ತಿ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹಂದಿಯ ಕಣ್ಣು ಕಾಣುತ್ತದೆ, ಅದರ ಹಿಂದೆ ಏನಿದೆ ಎಂಬುದು ಕಾಣುವುದಿಲ್ಲ. 12 ಬೋರಿನ ದಪ್ಪ ಚರೆ 35-40 ಮೀಟರ್ ತನಕ ಕೆಲಸ ಮಾಡುತ್ತದೆ, ಆಮೇಲೆ ಚೆದುರಿ ಬಲ ಕಳೆದುಕೊಳ್ಳುತ್ತದೆ. ಅದರಿಂದ ಅಪಾಯವೇ ಇಲ್ಲ ಅಂತಲ್ಲ, ಎರಡು-ಮೂರು ನೂರು ಮೀಟರಿನಲ್ಲೂ ಚರೆ ಕಣ್ಣು ತೆಗೆಯಬಹುದು. ಆದರೆ ಮೂರು ಹೊಲ ದಾಟಿ ಪೈಪು ಸೀಳುವುದಿಲ್ಲ. ಹಂದಿ ಹೇಗೂ ನಿಮಗೆ ಕಾಣುವುದು ಮೂವತ್ತು ಮೀಟರಿನೊಳಗೇ ಅಲ್ವಾ?

ಕಾನೂನೂ ಇದೇ ಕಡೆ ವಾಲುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಮೊದಲು ಹೆಸರಿಸಿರುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ನುಣುಪು ನಳಿಗೆಯ ಬೇರೆ ಬಂದೂಕು ಕೊಡಬಹುದು. ರೈಫಲ್ಲಿಗೆ ಅರ್ಜಿ ಹಾಕಿದರೆ ಅದೇ ಏಕೆ ಬೇಕು ಎನ್ನುವುದಕ್ಕೆ ಗಟ್ಟಿ ಕಾರಣ ಕೊಡಬೇಕು. ಚುನಾವಣೆ ಬಂದಾಗ ಸಾಮಾನ್ಯವಾಗಿ ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ, ಅದೂ ಲೆಕ್ಕದಲ್ಲಿರಲಿ.

ಇನ್ನೊಂದು ಮಾತು, ಬಹಳ ಜನ ಇಲ್ಲೇ ಎಡವುತ್ತಾರೆ. ಬಂದೂಕಿನ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬೆಳೆಗೆ ಅಪಾಯ ತರುವ ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಅದಿಲ್ಲದೆ ನಿಮ್ಮ ಹೊಲದಲ್ಲೇ ಹೊಡೆದರೂ ಕೇಸ್ ಆಗುತ್ತದೆ. ಹಾಗಾಗಿ ಮೊದಲು ಅರಣ್ಯ ಇಲಾಖೆಗೆ ಹೋಗಿ, ಬೆಳೆ ಹಾನಿಯ ಅರ್ಜಿ ಕೊಡಿ. ಹಾಳಾದ ಬೆಳೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಅಪ್ಪಣೆ, ಲೈಸೆನ್ಸ್ ಎರಡೂ ಕೈಗೆ ಬಂದ ಮೇಲೆ ಹೊಲದಲ್ಲಿ ಎತ್ತರದ ಅಟ್ಟಣಿಗೆ ಹಾಕಿಸಿ. ಮೇಲಿಂದ ಕೆಳಕ್ಕೆ ಹೊಡೆದರೆ ಚರೆ ಮಣ್ಣಿಗೆ ಹೋಗುತ್ತದೆ. ಬಂದೂಕು ಮನೆಯಲ್ಲೇ ಬಿಟ್ಟು, ಒಂದು ಹಗಲು ಸುಮ್ನೆ ಆ ಅಟ್ಟಣಿಗೆ ಹತ್ತಿ ನಿಲ್ಲಿ. ಯಾವ ದಿಕ್ಕಿನಲ್ಲಿ ಯಾರ ಮನೆ, ಯಾವ ದಾರಿ, ಗ್ಯಾಂಗಿನವರು ಎಲ್ಲಿ ಇಳಿದಿದ್ದಾರೆ ಅಂತ ಒಂದೊಂದಾಗಿ ನೋಡಿ. ಮನೆ, ದಾರಿ, ಗುಡಿಸಲು ಇರುವ ದಿಕ್ಕಿನ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿಬಿಡಿ, ಕತ್ತಲಲ್ಲಿ ಕೈಗೆ ತಾಗುವಷ್ಟು ಹತ್ತಿರ.