ಮೂತಿಯ ಮುಂದಿನ ಹುಳು ನ್ಯೂಟ್‌ಗೆ ಕಾಣುವುದಿಲ್ಲವೇ?

ಪ್ರಶ್ನೆ: ನಾವು ತೊಟ್ಟಿಯಲ್ಲಿ ಸಾಕಿರುವ ಫೈರ್ ಬೆಲ್ಲಿ ನ್ಯೂಟ್ (ಹಲ್ಲಿಯಂತೆ ಕಾಣುವ, ನೀರಿನಲ್ಲಿ ಬದುಕುವ ಉಭಯವಾಸಿ) ಮೂತಿಯ ಮುಂದೆ ಬಿದ್ದ ಆಹಾರವನ್ನು ಬಿಟ್ಟು ಜೊತೆಗಾರನ ಕಾಲಿಗೆ ಬಾಯಿ ಹಾಕುತ್ತದೆ. ಅದಕ್ಕೆ ಕಣ್ಣು ಕಾಣುವುದಿಲ್ಲವೇ?

ಉತ್ತರ: ಕಾಣುತ್ತದೆ. ಆದರೆ ನ್ಯೂಟ್‌ನ ಕಣ್ಣು ಸೆಳೆತಕ್ಕೆ ಒಳಗಾಗುವುದು ಅಲುಗಾಡುವುದಕ್ಕೆ. ಸುಮ್ಮನೆ ಬಿದ್ದಿರುವ ಆಹಾರವನ್ನು ಹುಡುಕುವ ಕೆಲಸ ಮೂಗಿನದು. ಹೆಪ್ಪು ಕರಗಿಸಿದ ಬ್ಲಡ್‌ವರ್ಮ್ (ಒಂದು ಬಗೆಯ ಸಣ್ಣ ನೊಣದ ಕೆಂಪು ಮರಿಹುಳು) ನೀರಿಗೆ ಹಾಕಿ ಒಂದೆರಡು ನಿಮಿಷ ನೋಡುತ್ತಿರಿ. ನ್ಯೂಟ್ ತಲೆ ತಗ್ಗಿಸಿ, ಮೂತಿಯನ್ನು ತಳಕ್ಕೆ ತಾಗಿಸುವಷ್ಟು ಹತ್ತಿರ ತಂದು, ಎಡಕ್ಕೂ ಬಲಕ್ಕೂ ಆಡಿಸುತ್ತ ನಿಧಾನವಾಗಿ ನಡೆಯುತ್ತದೆ. ಗಂಟಲಿನ ಕೆಳಗಿನ ಚರ್ಮ ಸಣ್ಣಗೆ ಮಿಡಿಯುತ್ತಿರುತ್ತದೆ. ಹೊಳ್ಳೆಗಳ ಮೂಲಕ ನೀರನ್ನು ಒಳಗೆಳೆದು ಅದು ವಾಸನೆ ನೋಡುತ್ತಿರುವುದು ಹೀಗೆ.

ಈ ಮೂಗನ್ನು ನಂಬಿಯೇ ಗಂಡು ಹೆಣ್ಣನ್ನು ಒಲಿಸಿಕೊಳ್ಳುತ್ತದೆ. ಅದು ಬಾಲ ಮಡಚಿ ಪಟಪಟನೆ ಅಲ್ಲಾಡಿಸುವುದನ್ನು ಕಂಡು ಕಾಯಿಲೆಯೆಂದು ಹೆದರುವವರಿದ್ದಾರೆ. ತನ್ನ ಗ್ರಂಥಿಯ ವಾಸನೆಯನ್ನು ಅದು ಹೆಣ್ಣಿನ ಮೂತಿಯ ಕಡೆ ಬೀಸುತ್ತಿರುತ್ತದೆ, ಅಷ್ಟೇ. ಜಪಾನಿನ ಫೈರ್ ಬೆಲ್ಲಿ ನ್ಯೂಟ್‌ನಲ್ಲಿರುವ ಈ ರಾಸಾಯನಿಕಕ್ಕೆ ವಿಜ್ಞಾನಿಗಳು 1995ರಲ್ಲಿ ಸೋಡೆಫ್ರಿನ್ ಎಂದು ಹೆಸರಿಟ್ಟರು. ಕೇವಲ 10 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಅದು.

ಇನ್ನು ಕಾಲು ಕಚ್ಚುವ ವಿಷಯ. ಆಹಾರದ ವಾಸನೆ ತೊಟ್ಟಿಯ ತುಂಬ ಹರಡಿದಾಗ ತಿನ್ನುವುದೇನೋ ಇದೆ ಎಂದು ನ್ಯೂಟ್‌ಗೆ ತಿಳಿಯುತ್ತದೆ, ಎಲ್ಲಿದೆ ಎಂದು ತಿಳಿಯುವುದಿಲ್ಲ. ಅಷ್ಟರಲ್ಲಿ ಪಕ್ಕದ್ದರ ಬೆರಳು ಅಲುಗಿದರೆ ಅದೇ ಹುಳುವಾಗಿ ಕಾಣುತ್ತದೆ. ಇದು ಜಗಳವಲ್ಲ. ಕಳೆದುಹೋದ ಬೆರಳು ಮತ್ತೆ ಬೆಳೆಯುತ್ತದೆ ನಿಜ, ಆದರೆ ಗಾಯಕ್ಕೆ ಹತ್ತಿಯಂಥ ಬಿಳಿ ಬೂಷ್ಟು ಹಿಡಿದರೆ ಪ್ರಾಣಕ್ಕೇ ಕುತ್ತು.

ಹಾಗಾಗಿ ಆಹಾರವನ್ನು ತೊಟ್ಟಿಗೆ ಸುರಿಯಬೇಡಿ, ಒಂದೊಂದಕ್ಕೂ ಬೇರೆಬೇರೆಯಾಗಿ ಕೊಡಿ. ಎರೆಹುಳುವನ್ನು ತೊಳೆದು, ನ್ಯೂಟ್‌ನ ತಲೆಯ ಅಗಲಕ್ಕಿಂತ ಉದ್ದವಾಗದ ತುಂಡು ಮಾಡಿ. ತುದಿ ಮೊಂಡಾಗಿರುವ ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು ಮೂತಿಯಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ಅಲುಗಿಸಿ, ನಿಲ್ಲಿಸಿ, ಮತ್ತೆ ಅಲುಗಿಸಿ. ಮೇಲಿನಿಂದ ಸರ್ರನೆ ಇಳಿಸಿದರೆ ಹಕ್ಕಿ ಎರಗಿತೆಂಬಂತೆ ಓಡಿಹೋಗುತ್ತದೆ. ಬಾಯಿ ಹಾಕಿದ ಕೂಡಲೇ ಚಿಮುಟ ಸಡಿಲಿಸಿ, ಎಳೆಯಬೇಡಿ. ದೊಡ್ಡವಕ್ಕೆ ವಾರದಲ್ಲಿ ಎರಡು ಮೂರು ಸಲ ಕೊಟ್ಟರೆ ಸಾಕು. ಉಳಿದದ್ದನ್ನು ಗಂಟೆಯೊಳಗೆ ತೆಗೆಯದಿದ್ದರೆ ಅದು ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ.

ಇಷ್ಟಾದರೂ ತಿನ್ನದಿದ್ದರೆ ಫಿಲ್ಟರ್ ಕಡೆ ನೋಡಿ. ನೀರಿನಲ್ಲಿ ಬದುಕುವ ನ್ಯೂಟ್‌ನ ತಲೆ ಮತ್ತು ಪಕ್ಕೆಗಳ ಮೇಲೆ ಮೀನುಗಳಿಗಿರುವಂಥ ಪಾರ್ಶ್ವರೇಖೆಯಿದೆ, ಹತ್ತಿರದ ನೀರು ಕದಲಿದರೂ ಅದಕ್ಕೆ ಗೊತ್ತಾಗುತ್ತದೆ. ಫಿಲ್ಟರ್‌ನ ನೀರು ರಭಸವಾಗಿ ಬೀಳುತ್ತಿದ್ದರೆ ಆ ಗದ್ದಲ ಹಗಲೂ ರಾತ್ರಿ ಅದರ ಮೈಗೆ ಬಡಿಯುತ್ತಲೇ ಇರುತ್ತದೆ. ನೀರು ಬೀಳುವ ಬಾಯಿಯನ್ನು ಗಾಜಿನ ಕಡೆ ತಿರುಗಿಸಿ, ಇಲ್ಲವೇ ಸ್ಪಾಂಜ್ ಫಿಲ್ಟರ್ ಹಾಕಿ. ಗಾಜು ತಟ್ಟುವುದೂ ಬೇಡ. ನ್ಯೂಟ್‌ಗೆ ಹೊರಗಿವಿಯಾಗಲಿ ಕಿವಿದಮಟೆಯಾಗಲಿ ಇಲ್ಲದಿದ್ದರೂ ಕಂಪನ ಚೆನ್ನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಥರ್ಮಾಮೀಟರ್ ಇಟ್ಟು ನೋಡಬೇಕಿತ್ತು ಎನ್ನುವ ಸಂದರ್ಭಗಳೇ ಹೆಚ್ಚು. ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. 24 ದಾಟಿದರೆ ಹಸಿವು ಸತ್ತು, ನ್ಯೂಟ್ ನೀರು ಬಿಟ್ಟು ಮೇಲೇರಲು ನೋಡುತ್ತದೆ. ಪೊರೆ ಬಿಡುವಾಗ ಒಂದೆರಡು ದಿನ ತಿನ್ನದಿರುವುದು ಸಹಜ, ಕಳಚಿದ ಪೊರೆಯನ್ನೇ ನುಂಗುವುದೂ ಉಂಟು. ನೀರು ತಂಪಾಗಿ ಶುದ್ಧವಾಗಿದ್ದೂ ಎರಡು ವಾರ ಏನೂ ಮುಟ್ಟದೆ ಬಾಲದ ಬುಡ ಸೊರಗುತ್ತಿದ್ದರೆ ಉಭಯವಾಸಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ.